ಕೊಟ್ಟು ತಿಳಿಯುವ ಪ್ರೀತಿ

ಪ್ರೀತಿ ಎಂಬ ಮಾತು ನಮ್ಮ ಭಾಷೆಯಲ್ಲಿ ಎಷ್ಟು ಸುಲಭವಾಗಿ ಬಳಕೆಯಾಗುತ್ತದೆಯೋ ಅಷ್ಟೇ ಸುಲಭವಾಗಿ ಸವೆದೂ ಹೋಗುತ್ತದೆ. ತಾಯಿ ಮಗುವಿನ ಮೇಲಿಡುವುದು ಪ್ರೀತಿ. ಗೆಳೆಯರ ನಡುವೆ ಇರುವುದು ಪ್ರೀತಿ. ಎಲೆಯ ಮೇಲೆ ಬಡಿಸಿದ ಒಂದು ಪಲ್ಯವನ್ನು ಕುರಿತೂ 'ಅದೆಂದರೆ ನನಗೆ ಪ್ರೀತಿ' ಎಂದುಬಿಡುತ್ತೇವೆ. ಇಂಥ ಸಾಮಾನ್ಯವಾದ ಮಾತನ್ನೇ ಆರಿಸಿಕೊಂಡು ಕ್ರೈಸ್ತಧರ್ಮವು ಅದನ್ನು ದೇವರ ಸ್ವಭಾವಕ್ಕೆ ಹೆಸರಾಗಿ ಇಟ್ಟಿದೆ. ಹೀಗೆ ಹೆಸರಿಟ್ಟವರು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಆ ಪ್ರೀತಿಯನ್ನು ಮನುಷ್ಯನು ತಿಳಿಯುವುದು ಹೇಗೆ? ತಿಳಿದ ಮೇಲೆ ಅದನ್ನು ನೆರೆಯವರೊಡನೆ ಹಂಚಿಕೊಳ್ಳುವುದು ಹೇಗೆ?

ಕೃಷ್ಣೆ ತುಂಗಭದ್ರೆಗಳ ನಡುವಣ ದೋಆಬ್ ಸೀಮೆಯಲ್ಲಿ, ಬಳಗಾನೂರಿನಂಥ ಊರಿನಲ್ಲಿ, ಕ್ರೈಸ್ತರ ಮನೆಯಲ್ಲಿ ಹುಟ್ಟಿ ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಇವು ಬರಿಯ ಗ್ರಂಥಸ್ಥ ಪ್ರಶ್ನೆಗಳಾಗಿ ಉಳಿಯುವುದಿಲ್ಲ. 'ನಿಮ್ಮ ದೇವರ ಪ್ರೀತಿ ಎಂದರೆ ಏನು ಸರ್? ಅದನ್ನು ನಮಗೇಕೆ ಹೇಳಬೇಕು?' ಎಂದು ವಿದ್ಯಾರ್ಥಿಗಳು ಕೇಳಿದ್ದುಂಟು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಅವೆರಡಕ್ಕೂ ಉತ್ತರ ಒಂದೇ ಎಂಬುದು ನನ್ನ ಭಾವನೆ. ಅದನ್ನು ಇಲ್ಲಿ ಕೊಂಚ ವಿವರವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಮಾತಿನ ವಿಚಾರ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬುವರು ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಬಳ್ಳಾರಿ ನಮಗೆ ತುಂಗಭದ್ರೆಯ ಆಚೆಯ ದಡದ ಊರು. ಅಲ್ಲಿ ಅವರು ಕನ್ನಡ ಕಲಿತು, ವಿಲಿಯಂ ರೀವ್ ಮೊದಲಾದ ಜೊತೆಗಾರರೊಡನೆ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ೧೮೩೧ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದಿತು. ಮುಂದೆ ಮಂಗಳೂರು ಧಾರವಾಡಗಳ ಬಾಸೆಲ್ ಮಿಷನ್ನಿನವರೂ ಇತರರೂ ಆ ಅನುವಾದವನ್ನು ಮತ್ತೆ ಮತ್ತೆ ತಿದ್ದಿದರು. ಈ ಅನುವಾದಕರ ಮುಂದೆ ಇದ್ದ ಇಕ್ಕಟ್ಟು ಸಾಮಾನ್ಯವಾದುದಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ದೇವರ ಪ್ರೀತಿಗೆ 'ಅಗಾಪೆ' ಎಂಬ ಶಬ್ದವಿದೆ. ಅದಕ್ಕೆ ಸರಿದೊರೆಯಾದ ಕನ್ನಡ ಮಾತು ಯಾವುದು?

ಭಕ್ತಿ ಎನ್ನೋಣವೆಂದರೆ ಅದು ಕೆಳಗಿನಿಂದ ಮೇಲಕ್ಕೆ ಏರುವ ಭಾವ. ಮನುಷ್ಯನು ದೇವರಿಗೆ ಸಲ್ಲಿಸುವುದು. ದಯೆ, ಕೃಪೆ, ಕರುಣೆ ಎನ್ನೋಣವೆಂದರೆ ಅವು ಮೇಲಿನಿಂದ ಕೆಳಕ್ಕೆ ಇಳಿಯುವಂಥವು. ಕೊಡುವವನು ಉಚ್ಚಾಸನದಲ್ಲಿ ಕುಳಿತೇ ಇರುತ್ತಾನೆ. ಪ್ರೇಮವೆಂದರೆ ಕಾವ್ಯಗಳಲ್ಲಿ ನಾಯಕ ನಾಯಿಕೆಯರ ನೆನಪು ಬರುತ್ತದೆ. ಕೊನೆಗೆ ಕನ್ನಡ ಬೈಬಲಿನಲ್ಲಿ ನೆಲೆಯಾಗಿ ನಿಂತದ್ದು ಪ್ರೀತಿ ಎಂಬ ಮನೆಮಾತು. ಮೇಲು ಕೀಳೆನ್ನದೆ ಎತ್ತ ಬೇಕಾದರೂ ಹರಿಯಬಲ್ಲ ಮಾತು ಅದು. ಅಷ್ಟಕ್ಕೇ ನಿಲ್ಲದೆ ಯೋಹಾನನ ಪತ್ರಿಕೆಯಲ್ಲಿ ದೇವರನ್ನು 'ಪ್ರೀತಿಸ್ವರೂಪಿ' ಎಂದು ಕರೆದರು. ಸ್ವರೂಪವೆಂಬುದು ನಮ್ಮ ವೇದಾಂತಿಗಳ ಶಬ್ದ. ದೇವರಿಗೆ ಪ್ರೀತಿಯೆಂಬುದು ಇತರ ಗುಣಗಳ ಜೊತೆಗೆ ಇರುವ ಇನ್ನೊಂದು ಗುಣವಲ್ಲ, ಅದೇ ಆತನ ಇರವು ಎಂಬ ದೊಡ್ಡ ಮಾತನ್ನು ಹೇಳಲು ಮನೆಯ ಶಬ್ದವೊಂದನ್ನೂ ಶಾಸ್ತ್ರದ ಶಬ್ದವೊಂದನ್ನೂ ಕೂಡಿಸಿದ್ದು ನಿಜಕ್ಕೂ ಸೊಗಸು.

ಆದರೆ ಶಬ್ದ ಸಿಕ್ಕಿತೆಂದರೆ ಅರ್ಥ ಸಿಕ್ಕಂತಾಗಲಿಲ್ಲ. ಅರ್ಥಕ್ಕೆ ಕಥೆಗಳನ್ನೇ ಆಶ್ರಯಿಸಬೇಕು. ಯೇಸುವೂ ಹಾಗೆಯೇ ಮಾಡಿದ್ದು.

ಲೂಕನ ಸುವಾರ್ತೆಯಲ್ಲಿರುವ ಒಂದು ಕಥೆ ಬಹುಜನರಿಗೆ ಗೊತ್ತು. ಒಬ್ಬ ತಂದೆಗೆ ಇಬ್ಬರು ಮಕ್ಕಳು. ಕಿರಿಯವನು ತಂದೆಯ ಮುಂದೆ ನಿಂತು ತನ್ನ ಪಾಲು ಬೇಡುತ್ತಾನೆ. ತಂದೆ ಬದುಕಿರುವಾಗಲೇ ಮಗನು ಪಾಲು ಕೇಳುವುದೆಂದರೆ ಏನೆಂಬುದನ್ನು ನಮ್ಮ ಒಕ್ಕಲುಮನೆಗಳವರಿಗೆ ಯಾರೂ ವಿವರಿಸಬೇಕಾದುದಿಲ್ಲ. 'ನನ್ನ ಪಾಲಿಗೆ ನೀನು ಸತ್ತಂತೆಯೇ' ಎಂದ ಹಾಗೆ. ತಂದೆ ಮರುಮಾತಿಲ್ಲದೆ ಕೊಡುತ್ತಾನೆ. ಮಗನು ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡಿಕೊಂಡು, ಬರಗಾಲ ಬಂದಾಗ ಹಂದಿ ಕಾಯುವ ಕೆಲಸಕ್ಕೆ ಸೇರಿ, ಹಂದಿಯ ಮೇವಿಗೂ ಆಸೆಪಡುವ ಸ್ಥಿತಿಗೆ ಇಳಿಯುತ್ತಾನೆ. ಆಗ ಅವನಿಗೆ ಮನೆಯ ನೆನಪಾಗುತ್ತದೆ. ಮಗನೆನಿಸಿಕೊಳ್ಳಲು ಯೋಗ್ಯತೆಯಿಲ್ಲ, ಆಳಾಗಿಯಾದರೂ ಸೇರಿಕೊಂಡೇನು ಎಂದು ಲೆಕ್ಕ ಹಾಕಿ, ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೊರಡುತ್ತಾನೆ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡು ಓಡಿಬರುತ್ತಾನೆ. ಊರ ಹಿರಿಯನೊಬ್ಬನು ಧೋತರ ಎತ್ತಿಕಟ್ಟಿ ಹಾಡುಹಗಲಲ್ಲಿ ಬೀದಿಯಲ್ಲಿ ಓಡುವುದನ್ನು ನಮ್ಮ ಕಟ್ಟೆಯ ಮೇಲಿನ ಜನ ನೋಡಿದರೆ ಏನೆಂದಾರು! ಆ ತಂದೆಗೆ ಅದರ ಪರಿವೆಯಿಲ್ಲ. ಮಗನು ಬಾಯಿಪಾಠ ಮಾಡಿದ್ದ ಮಾತು ಅರ್ಧಕ್ಕೇ ನಿಲ್ಲುತ್ತದೆ; ಆಳಾಗಿ ಇಟ್ಟುಕೋ ಎಂಬ ಭಾಗವನ್ನು ಹೇಳುವುದಕ್ಕೆ ಅವಕಾಶವೇ ಸಿಕ್ಕುವುದಿಲ್ಲ. ಅಷ್ಟರಲ್ಲಿ ಹೊಸ ಬಟ್ಟೆ, ಉಂಗುರ, ಕೆರ, ಔತಣ ಎಲ್ಲಕ್ಕೂ ಅಪ್ಪಣೆಯಾಗಿಬಿಟ್ಟಿರುತ್ತದೆ.

ಮಗನನ್ನು ದೂರದಿಂದ ಕಂಡಾಗ ತಂದೆಗೆ ಉಂಟಾದ ಭಾವಕ್ಕೆ ಗ್ರೀಕ್ ಮೂಲದಲ್ಲಿ ಒಂದು ವಿಶೇಷವಾದ ಕ್ರಿಯಾಪದವಿದೆ. ಅದರ ಬೇರು 'ಕರುಳು' ಎಂಬರ್ಥದ ಶಬ್ದ. ಕನ್ನಡ ಬೈಬಲ್ ಅದನ್ನು ಕನಿಕರ ಎಂದು ಅನುವಾದಿಸಿದೆ, ತಪ್ಪೇನೂ ಇಲ್ಲ. ಆದರೆ ನಮ್ಮ ಹಳ್ಳಿಯ ಹೆಂಗಸರ ಬಾಯಲ್ಲಿ ಅದಕ್ಕಿಂತ ಮೂಲಕ್ಕೆ ಹತ್ತಿರವಾದ ನುಡಿಗಟ್ಟು ಸಿದ್ಧವಾಗಿಯೇ ಇದೆ: ಕರುಳು ಚುರಕ್ಕೆಂದಿತು. ಹೆತ್ತ ಕರುಳು, ಕರುಳಿನ ಕುಡಿ, ಕರುಳ ಬಳ್ಳಿ ಎನ್ನುವ ಕನ್ನಡಿಗರಿಗೆ ಈ ಕಥೆಯ ದೇವರು ಪರಕೀಯನಾಗಿ ಕಾಣಬೇಕಾದ ಕಾರಣವಿಲ್ಲ. ಕರುಳು ಯೋಗ್ಯತೆಯನ್ನು ವಿಚಾರಿಸಿ ಮಿಡಿಯುವುದಿಲ್ಲ. ಯೋಗ್ಯತೆಯ ವಿಚಾರಕ್ಕೆ ಮೊದಲೇ ಮಿಡಿದುಬಿಡುತ್ತದೆ. ಕ್ರೈಸ್ತರು ದೇವರ ಪ್ರೀತಿ ಎನ್ನುವಾಗ ಹೇಳಲು ಹೊರಟದ್ದು ಇದನ್ನೇ. ಆ ಪ್ರೀತಿ ನಮ್ಮ ಪುಣ್ಯಕ್ಕೆ ಸಂದ ಕೂಲಿಯಲ್ಲ. ನಾವು ತಿರುಗಿ ನೋಡುವುದಕ್ಕೆ ಮೊದಲೇ ಅದು ನಮ್ಮ ಕಡೆಗೆ ಹೊರಟಿರುತ್ತದೆ. ಯೇಸುವಿನ ಬದುಕೂ ಶಿಲುಬೆಯ ಮರಣವೂ ಆ ತಂದೆಯ ಓಟವೇ ಎಂಬುದು ಕ್ರೈಸ್ತರ ನಂಬಿಕೆ.

ಕಥೆಯಲ್ಲಿ ಹಿರಿಯ ಮಗನೊಬ್ಬ ಉಳಿದಿದ್ದಾನೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೀಗೆ ಬೆಲೆ ತೆರದೆ ಪಡೆದದ್ದನ್ನು ತಿಳಿದೆವೆಂದು ಹೇಳುವುದು ಯಾವಾಗ? ಮತ್ತಾಯನ ಸುವಾರ್ತೆಯಲ್ಲಿ ಇದಕ್ಕೂ ಒಂದು ಕಥೆಯಿದೆ. ಅರಸನೊಬ್ಬನ ಸೇವಕನು ಹತ್ತು ಸಾವಿರ ತಲಾಂತುಗಳ ಸಾಲ ಹೊತ್ತಿದ್ದ. ಆ ಕಾಲದ ನಾಣ್ಯಗಳ ಲೆಕ್ಕ ಹಿಡಿದರೆ ಅದು ಸುಮಾರು ಆರು ಕೋಟಿ ದಿನಗಳ ಕೂಲಿ. ತೀರಿಸುವ ಮಾತೇ ಇಲ್ಲ. ಅರಸನ ಕರುಳು ಮಿಡಿದು, ಇಲ್ಲಿಯೂ ಮೂಲದಲ್ಲಿ ಅದೇ ಕ್ರಿಯಾಪದ, ಸಾಲವನ್ನೆಲ್ಲ ಬಿಟ್ಟುಬಿಟ್ಟ. ಅದೇ ಸೇವಕನು ಹೊರಗೆ ಬಂದು, ತನಗೆ ನೂರು ದಿನಗಳ ಕೂಲಿಯಷ್ಟು ಸಾಲ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ. ಅವನಿಗೆ ಕ್ಷಮೆ ಸಿಕ್ಕಿತ್ತು, ಆದರೆ ತಿಳಿದಿರಲಿಲ್ಲ. ಸಿಕ್ಕದ್ದು ಅವನ ಮೂಲಕ ಮುಂದಕ್ಕೆ ಹೋಗಲಿಲ್ಲವೆಂಬುದೇ ಅವನು ತಿಳಿಯಲಿಲ್ಲವೆಂಬುದಕ್ಕೆ ಸಾಕ್ಷಿ.

ಸಿಂಧನೂರು ಸೀಮೆಯವರಿಗೆ ಇದನ್ನು ಹೇಳಲು ಕಾಲುವೆಯ ನಿದರ್ಶನ ಸಾಕು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಬರತೊಡಗಿದ ಮೇಲೆ ಈ ಜೋಳದ ಎರೆಭೂಮಿ ಭತ್ತದ ಗದ್ದೆಯಾಯಿತು. ಆದರೆ ಮೇಲ್ಭಾಗದವರು ಹೆಚ್ಚು ನೀರು ಎಳೆದುಕೊಂಡರೆ ಕೊನೆಭಾಗದ ರೈತನ ಪೈರು ಒಣಗುತ್ತದೆಂಬುದೂ, ಪ್ರತಿ ಹಂಗಾಮಿನಲ್ಲಿ ಅದಕ್ಕಾಗಿ ಜಗಳವಾಗುವುದೂ ಇಲ್ಲಿ ಎಲ್ಲರೂ ಕಂಡದ್ದೇ. ನೀರು ಯಾರ ಸೊತ್ತೂ ಅಲ್ಲ. ಮಲೆನಾಡಿನ ಮಳೆ ಅದು. ಮೇಲಿನವನ ತೂಬಿಗೆ ಮೊದಲು ಬಂದದ್ದು ಅವನ ಯೋಗ್ಯತೆಯಿಂದಲ್ಲ. ದೇವರ ಪ್ರೀತಿಯನ್ನು ಮೊದಲು ಕೇಳಿಸಿಕೊಂಡವನ ಸ್ಥಿತಿಯೂ ಹೀಗೆಯೇ. ಅವನು ಅದರ ಒಡೆಯನಲ್ಲ. ಹಾದಿಯಲ್ಲಿ ಬಂದ ಒಂದು ತೂಬು. ಹಂಚಿಕೊಳ್ಳುವುದೆಂದರೆ ತನ್ನ ಬಳಿ ಇದ್ದುದರಲ್ಲಿ ಉದಾರವಾಗಿ ಕೊಡುವುದೆಂದು ನಾವು ಭಾವಿಸುತ್ತೇವೆ. ಕ್ರೈಸ್ತಶ್ರದ್ಧೆಯಲ್ಲಿ ಅದು ತಡೆಯದೆ ಮುಂದಕ್ಕೆ ಬಿಡುವುದು ಮಾತ್ರ.

ಇಲ್ಲಿಗೆ ಎರಡನೆಯ ಪ್ರಶ್ನೆಗೆ ಬಂದೆವು. ಬೆಲೆಯಿಲ್ಲದೆ ಬಂದದ್ದನ್ನು ಬೆಲೆ ಕೇಳದೆ ಮುಂದಕ್ಕೆ ಬಿಡಬೇಕು. ಹೇಳುವುದು ಸುಲಭ. ಚರಿತ್ರೆಯಲ್ಲಿ ಅದು ನಡೆದದ್ದು ಹೇಗೆ?

ತನಗೆ ಕಂಡ ಸತ್ಯವನ್ನು ನೆರೆಯವರಿಗೆ ಹೇಳುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಬಳಗಾನೂರಿಗೆ ಹತ್ತಿರದ ಮಸ್ಕಿಯಲ್ಲಿ ೧೯೧೫ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ ಬಂಡೆಯ ಮೇಲಿನ ಶಾಸನ ಸಿಕ್ಕಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಅವನ ಹೆಸರಿನಿಂದಲೇ ತಿಳಿಸಿದ ಶಾಸನ ಅದು. ಆ ಚಕ್ರವರ್ತಿ ತಾನು ಬುದ್ಧನ ಉಪಾಸಕನಾದುದನ್ನು ಅಲ್ಲಿ ಹೇಳಿಕೊಂಡು, ಧರ್ಮದ ಫಲ ದೊಡ್ಡವರಿಗೆ ಮಾತ್ರವೇ ದಕ್ಕುವುದೆಂದು ತಿಳಿಯಬೇಡಿ, ಸಣ್ಣವರಿಗೂ ಅದು ಸಾಧ್ಯ, ಇದನ್ನು ಇಬ್ಬರಿಗೂ ತಿಳಿಸಿರಿ ಎಂಬರ್ಥದ ಮಾತನ್ನು ಕೆತ್ತಿಸಿದ್ದಾನೆ. ನಮ್ಮ ಸೀಮೆಯ ಅತ್ಯಂತ ಹಳೆಯ ಬರಹವೇ ಒಬ್ಬನು ತನ್ನ ಒಳಗಿನ ತಿರುವನ್ನು ಪರರೊಡನೆ ಹಂಚಿಕೊಂಡ ಬರಹ! ಇನ್ನು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದವಳು ಆಕೆ. ಬೈಬಲಿನ ವಿಮೋಚನಕಾಂಡದಲ್ಲಿ ಇಸ್ರಾಯೇಲರು ಅರಣ್ಯದಲ್ಲಿ ಆಯ್ದುಕೊಂಡ ಮನ್ನ ಎಂಬ ಆಹಾರದ ಪ್ರಸಂಗವನ್ನು ಓದುವಾಗಲೆಲ್ಲ ನನಗೆ ಲಕ್ಕಮ್ಮನ ನೆನಪಾಗುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನೇ ಆಯ್ದುಕೊಳ್ಳಬೇಕು. ನಾಳೆಗೆಂದು ಕೂಡಿಟ್ಟದ್ದು ಹುಳು ಬಿದ್ದು ನಾರಿತು. ಇಂಥ ನೆಲಕ್ಕೆ ದೇವರ ಪ್ರೀತಿಯ ಸುದ್ದಿಯನ್ನು ತಂದವರು ಬರಿಗೈಯವರ ಬಳಿಗೆ ಬಂದವರಲ್ಲ ಎಂಬುದನ್ನು ಮರೆಯಲಾಗದು.

ಆ ಸುದ್ದಿ ಇಲ್ಲಿಗೆ ಬಂದದ್ದು ಬಹಳ ಹಿಂದೆಯೇ. ಮುದಗಲ್ಲಿನ ಕೋಟೆಯ ಊರಿನಲ್ಲಿ ಜೆಸ್ವಿಟ್ ಪಾದ್ರಿಗಳು ೧೫೫೭ರಲ್ಲಿ ಕಟ್ಟಿದುದೆಂದು ಹೆಸರಾದ ಕ್ರೈಸ್ತ ದೇವಾಲಯವಿದೆ. ವಿಜಯನಗರ, ಬಿಜಾಪುರಗಳೆರಡೂ ಈ ದೋಆಬಿಗಾಗಿ ಕಾದಾಡುತ್ತಿದ್ದ ಕಾಲ ಅದು. ಅದೇ ಮುದಗಲ್ಲು ಮೊಹರಮ್ಮಿಗೂ ಪ್ರಸಿದ್ಧ. ಅಲಾಯಿ ದೇವರುಗಳಿಗೆ ನಡೆದುಕೊಳ್ಳುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಶತಮಾನಗಳ ಕಾಲ ಒಂದೇ ಊರಿನಲ್ಲಿ ಹಲವು ಶ್ರದ್ಧೆಗಳು ಹೀಗೆ ಬಾಳಿಬಂದಿರುವುದು, ಒಬ್ಬರ ದೇವರು ಇನ್ನೊಬ್ಬರಿಗೆ ಬೆದರಿಕೆಯಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಪ್ರಮಾಣ.

ಆದರೂ ಬೆದರಿಕೆ ಎಂಬ ಭಾವನೆ ಹುಟ್ಟಿತು. ಹುಟ್ಟಿದ್ದಕ್ಕೆ ಕಾರಣಗಳೂ ಇದ್ದುವು. ಅದನ್ನು ಮರೆಮಾಚುವುದರಿಂದ ಪ್ರೀತಿಗೆ ಲಾಭವಿಲ್ಲ. ಮಿಷನರಿಗಳಲ್ಲಿ ಅನೇಕರು ಬಂದದ್ದು ಆಳುವವರ ನೆರಳಿನಲ್ಲಿ. ಈ ನಾಡಿನ ದೇವರುಗಳನ್ನು ಹೀಯಾಳಿಸಿ ಬರೆದವರು ಅವರಲ್ಲಿ ಇದ್ದರು. ಇನ್ನು ಬರಗಾಲ. ಧಾತು ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ ೧೮೭೬ರಿಂದ ೧೮೭೮ರ ವರೆಗಿನ ಕ್ಷಾಮ ಬಳ್ಳಾರಿ, ಮೈಸೂರು, ಹೈದರಾಬಾದು, ಮುಂಬಯಿ ಕರ್ನಾಟಕಗಳನ್ನು ಬರಿದುಮಾಡಿತು. ದಕ್ಷಿಣ ಭಾರತದಲ್ಲಿ ಐವತ್ತು ಲಕ್ಷಕ್ಕಿಂತ ಹೆಚ್ಚು ಜನ ಅದಕ್ಕೆ ಬಲಿಯಾದರೆಂದು ಅಂದಾಜು. ಆಗ ಗಂಜಿ ಕಾಸಿ ಹಾಕಿದವರಲ್ಲಿ, ಅನಾಥ ಮಕ್ಕಳನ್ನು ಸಾಕಿದವರಲ್ಲಿ ಮಿಷನ್ನಿನವರು ಇದ್ದರು. ಅವರು ಉಳಿಸಿದ ಪ್ರಾಣಗಳನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಹಸಿದವನ ಕೈಗೆ ಅನ್ನ ಕೊಡುವವನೇ ನಂಬಿಕೆಯ ಮಾತನ್ನೂ ಆಡಿದಾಗ, ಹಸಿದವನು ಒಪ್ಪಿಕೊಂಡದ್ದು ಯಾವುದನ್ನು? ಈ ಪ್ರಶ್ನೆಯನ್ನು ಹೊರಗಿನವರಷ್ಟೇ ಅಲ್ಲ, ಮಿಷನರಿಗಳಲ್ಲಿ ಸೂಕ್ಷ್ಮಮತಿಗಳಾದವರೂ ತಮ್ಮನ್ನು ತಾವೇ ಕೇಳಿಕೊಂಡರು. ಕೂಲಿಯಾಗಿ ಬಾರದ ಪ್ರೀತಿಯನ್ನು ಕೂಲಿಯ ರೂಪದಲ್ಲಿ ಕೊಟ್ಟರೆ ಅದು ಆ ಪ್ರೀತಿಯೇ ಅಲ್ಲ. ಹಂಚಿಕೊಳ್ಳುವವನ ಕೈಯಲ್ಲೇ ಅದು ಬೇರೆ ವಸ್ತುವಾಗಿಬಿಡುತ್ತದೆ.

ಈ ತೊಡಕಿನಿಂದ ಹೊರಬರುವ ದಾರಿಯನ್ನು ಕನ್ನಡ ಸಾಹಿತ್ಯದ ಚರಿತ್ರೆಯೇ ತೋರಿಸಿಕೊಟ್ಟಿದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಹೇಳಬಂದವರಲ್ಲಿ ಕೆಲವರು ಮೊದಲು ಕೇಳಲು ಕುಳಿತರು. ಹರ್ಮನ್ ಮೋಗ್ಲಿಂಗ್ ೧೮೪೩ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿ, ೧೮೫೦ರಲ್ಲಿ ದಾಸರ ಪದಗಳನ್ನು ಅಚ್ಚುಮಾಡಿಸಿದರು. ಫರ್ಡಿನೆಂಡ್ ಕಿಟ್ಟೆಲ್ ೧೮೬೨ರಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲೇ 'ಕಥಾಮಾಲೆ'ಯಾಗಿ ಹೆಣೆದರು. ೧೮೯೪ರಲ್ಲಿ ಅವರ ನಿಘಂಟು ಬಂದಿತು. ಸುವಾರ್ತೆ ಸಾರಲು ಬಂದವನು ಇನ್ನೊಬ್ಬರ ಮಾತುಗಳನ್ನು ಒಂದೊಂದಾಗಿ ಆಯ್ದು ಅರ್ಥ ಬರೆಯುತ್ತ ಆಯುಷ್ಯ ಸವೆಸಿದನೆಂದರೆ ಅದೂ ಪ್ರೀತಿಯ ಒಂದು ಬಗೆಯೇ ಸರಿ.

ಇವರಿಗಿಂತಲೂ ನನ್ನ ಮನಸ್ಸಿಗೆ ಹತ್ತಿರವಾದವರು ಉತ್ತಂಗಿ ಚನ್ನಪ್ಪನವರು. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಯಾಗಿದ್ದವರು. ಸುವಾರ್ತೆಯನ್ನು ಸಾರುವುದೇ ಅವರ ವೃತ್ತಿ. ಹಳ್ಳಿಹಳ್ಳಿ ಅಲೆದ ಈ ಪಾದ್ರಿಗಳು ಹೋದಲ್ಲೆಲ್ಲ ಸರ್ವಜ್ಞನ ತ್ರಿಪದಿಗಳನ್ನು ಕೇಳಿ ಕೇಳಿ ಬರೆದುಕೊಂಡರು. ಓಲೆಗರಿಗಳನ್ನು ಹುಡುಕಿ ತಂದರು. ಹೀಗೆ ಕೂಡಿಸಿದ ಎರಡು ಸಾವಿರದಷ್ಟು ವಚನಗಳು ೧೯೨೪ರಲ್ಲಿ ಗ್ರಂಥವಾಗಿ ಬಂದುವು. ಜನರ ನಾಲಗೆಯ ಮ್ಯಾಲೆ ಚೆದುರಿಹೋಗಿದ್ದ ಸರ್ವಜ್ಞನು ಒಂದೆಡೆ ಸಿಕ್ಕಿದ್ದು ಒಬ್ಬ ಕ್ರೈಸ್ತ ಪಾದ್ರಿಯ ಜೋಳಿಗೆಯಲ್ಲಿ. ಮುಂದೆ ಅವರು ಅನುಭವಮಂಟಪದ ಚರಿತ್ರೆಯನ್ನೂ ಸಿದ್ಧರಾಮನ ಸಾಹಿತ್ಯವನ್ನೂ ಶೋಧಿಸಿದರು. ಬನಾರಸ ಬೆತ್ಲೆಹೇಮುಗಳೆರಡನ್ನೂ ಒಂದೇ ತಲೆಬರಹದಲ್ಲಿ ಕೂಡಿಸಿ ಪುಸ್ತಕ ಬರೆದರು. 'ತಿರುಳ್ಗನ್ನಡದ ತಿರುಕ' ಎಂಬುದು ಅವರಿಗೆ ನಿಂತ ಹೆಸರು.

ತಿರುಕ ಎಂಬ ಈ ಮಾತಿನ ಮೇಲೆ ನಾನು ಬಹಳ ಸಲ ಯೋಚಿಸಿದ್ದೇನೆ. ಕೊಡುವುದಕ್ಕೆಂದು ನೇಮಕವಾದವನು ಬೇಡುವವನ ವೇಷವನ್ನು ತೊಟ್ಟುಕೊಂಡ. ಹಾಗೆ ಬೇಡಿದ್ದರಿಂದ ಅವರ ಕ್ರೈಸ್ತಶ್ರದ್ಧೆಗೆ ಕುಂದು ಬಂದಿತೇ? ಬರಲಿಲ್ಲ, ಅವರು ಕೊನೆಯವರೆಗೂ ಕ್ರೈಸ್ತರಾಗಿಯೇ ಬಾಳಿ ೧೯೬೨ರಲ್ಲಿ ತೀರಿಕೊಂಡರು. ಆದರೆ ಎದುರಿಗಿರುವವನ ಬಳಿಯೂ ದೇವರು ಏನನ್ನೋ ಇಟ್ಟಿದ್ದಾನೆ, ಅದನ್ನು ಪಡೆಯದೆ ನಾನು ಕೊಡಲಾರೆ ಎಂಬ ವಿನಯ ಅವರಲ್ಲಿತ್ತು. ಮೇಲಿನಿಂದ ಕೆಳಕ್ಕೆ ಇಳಿಯುವ ದಯೆಯ ಮಾತನ್ನು ಬಿಟ್ಟು ಎತ್ತಲಾದರೂ ಹರಿಯುವ ಪ್ರೀತಿಯ ಮಾತನ್ನು ಬಳ್ಳಾರಿಯವರು ಏಕೆ ಹಿಡಿದರೆಂಬುದಕ್ಕೆ ಉತ್ತಂಗಿಯವರ ಬಾಳೇ ಭಾಷ್ಯ. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. ನಮ್ಮ ರಾಯಚೂರು ಸೀಮೆಯೂ ಅದರೊಡನೆ ಸೇರಿತು. ರಜಾಕಾರರ ಹಾವಳಿಯ ಗಾಯ ಇನ್ನೂ ಹಸಿಯಾಗಿದ್ದ ೧೯೪೯ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷಪೀಠದಲ್ಲಿ ಕುಳಿತವರು ಈ ಪಾದ್ರಿಗಳು. ಮತದ ಹೆಸರಿನಲ್ಲಿ ನೊಂದ ನಾಡು ತನ್ನ ಭಾಷೆಯ ಹಬ್ಬಕ್ಕೆ ಅನ್ಯಮತದ ಹಿರಿಯನನ್ನು ತಲೆಯಾಳಾಗಿ ಮಾಡಿಕೊಂಡಿತು. ಅದಕ್ಕೆ ಪ್ರತಿಯಾಗಿ ಎಂಬಂತೆ, ಮಂಜೇಶ್ವರದ ಗೋವಿಂದ ಪೈಗಳು ಅದಕ್ಕೆ ಮೊದಲೇ ಯೇಸುವಿನ ಕಡೆಯ ದಿನವನ್ನು ಕುರಿತು 'ಗೊಲ್ಗೊಥಾ' ಬರೆದಿದ್ದರು. ಯಾರೂ ಅವರನ್ನು ಕ್ರೈಸ್ತರಾಗೆಂದು ಕೇಳಲಿಲ್ಲ. ಅವರು ಆಗಲೂ ಇಲ್ಲ. ಆದರೂ ಕನ್ನಡದಲ್ಲಿ ಶಿಲುಬೆಯ ಮುಂದೆ ಅಷ್ಟು ಹೊತ್ತು ನಿಂತವರು ವಿರಳ.

ಇಂದಿನ ಮಾತಿಗೆ ಬರೋಣ. ನಮ್ಮ ಸಂವಿಧಾನದ ೨೫ನೆಯ ಅನುಚ್ಛೇದವು ತನ್ನ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ತ್ವಗಳನ್ನು ತಿಳಿಯಹೇಳುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು ೧೯೭೭ರ ತೀರ್ಪಿನಲ್ಲಿ ಹೇಳಿತು. ನ್ಯಾಯಶಾಸ್ತ್ರದ ಚರ್ಚೆ ಏನೇ ಇರಲಿ, ಕ್ರೈಸ್ತನಾದವನಿಗೆ ಕಾನೂನಿಗಿಂತ ಬಿಗಿಯಾದ ಕಟ್ಟಳೆಯೊಂದು ಅವನ ಶ್ರದ್ಧೆಯೊಳಗೇ ಇದೆ. ಅದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಚೆನ್ನಾಗಿ ಒಬ್ಬ ಮುದುಕಿಯಿಂದ ಕಲಿತೆ.

೨೦೦೯ರ ಸೆಪ್ಟೆಂಬರ್ ಕೊನೆಯಲ್ಲೂ ಅಕ್ಟೋಬರ್ ಮೊದಲಲ್ಲೂ ಸುರಿದ ಮಳೆಗೆ ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳು ನೀರುಪಾಲಾದುದು ಎಲ್ಲರಿಗೂ ನೆನಪಿದೆ. ಮನೆ ಬಿದ್ದವರು ಶಾಲೆಗಳಲ್ಲಿ ಆಶ್ರಯ ಪಡೆದಿದ್ದರು. ಊರೂರುಗಳಿಂದ ರೊಟ್ಟಿಯ ಗಂಟುಗಳು ಹೋದುವು. ನಮ್ಮ ಸಭೆಯವರೂ ರೊಟ್ಟಿ ಕೂಡಿಸಿದರು. ಉತ್ಸಾಹಿ ತರುಣನೊಬ್ಬ ಪ್ರತಿ ಗಂಟಿನಲ್ಲಿಯೂ ವೇದವಾಕ್ಯದ ಒಂದು ಚೀಟಿಯನ್ನು ಇಡೋಣವೆಂದ. ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ, ಓದುಬರಹವಿಲ್ಲದ ವೃದ್ಧೆಯೊಬ್ಬಳು ತನ್ನ ಗಂಟನ್ನು ಸೆರಗಿನಡಿಗೆ ಎಳೆದುಕೊಂಡು ಹೇಳಿದಳು: 'ರೊಟ್ಟ್ಯಾಗ ಚೀಟಿ ಇಟ್ರ ಅದು ರೊಟ್ಟಿ ಅಲ್ಲೋ ತಮ್ಮಾ, ಗಾಳ. ಹಸ್ದೋರಿಗೆ ಗಾಳ ಹಾಕಬ್ಯಾಡ.' ಚೀಟಿಗಳು ಅಲ್ಲಿಯೇ ಉಳಿದುವು. ರೊಟ್ಟಿ ಹೋಯಿತು.

ಆಯಿಗೆ ತನ್ನ ಯೇಸುವಿನ ಹೆಸರು ಹೇಳಲು ಸಂಕೋಚವಿತ್ತೆಂದು ಯಾರೂ ತಿಳಿಯಬಾರದು. ಕೆಲವು ತಿಂಗಳ ಮೇಲೆ ಆ ನೆರೆಯ ಹಳ್ಳಿಯವನೊಬ್ಬ ಸಂತೆಗೆ ಬಂದವನು ಅವಳನ್ನು ಗುರುತು ಹಿಡಿದ. 'ಯಾಕ್ಬೇ ಆಯಿ, ನಾವು ನಿಮ್ಮ ಮಂದಿ ಅಲ್ಲ, ನಿಮ್ಮ ದೇವ್ರಿಗೆ ನಡ್ಕೊಳ್ಳೋರೂ ಅಲ್ಲ, ಅವತ್ತು ಅಷ್ಟು ದೂರ ರೊಟ್ಟಿ ಹೊತ್ಕೊಂಡು ಯಾಕ ಬಂದಿ?' ಎಂದು ಕೇಳಿದ. ಆಗ ಅವಳು ಬಾಯಿ ತೆರೆದಳು. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನ ಕಥೆಯನ್ನು, ನೋಡಿಯೂ ನೋಡದಂತೆ ಹೋದ ದೊಡ್ಡ ಮನುಷ್ಯರ ಕಥೆಯನ್ನು, ಗಾಯ ತೊಳೆದು ಎಣ್ಣೆ ಹಚ್ಚಿ ತನ್ನ ಕತ್ತೆಯ ಮೇಲೆ ಹೊತ್ತು ಛತ್ರಕ್ಕೆ ಒಯ್ದು ಹಣ ಕೊಟ್ಟ ಸಮಾರ್ಯದವನ ಕಥೆಯನ್ನು, ಅದು ಯೆರಿಕೋವಿನ ದಾರಿಯಲ್ಲಿ ನಡೆಯದೆ ಮಸ್ಕಿಯ ದಾರಿಯಲ್ಲಿ ನಡೆದಿತ್ತೋ ಎಂಬಂತೆ ಹೇಳಿದಳು. ಅವನು ಕೊನೆಯವರೆಗೂ ಕೇಳಿ, 'ಅಂವ ಜಾತಿ ಕೇಳಲಿಲ್ಲೇನು?' ಎಂದ. 'ಕೇಳಲಿಲ್ಲಪ್ಪಾ, ಕರುಳ ಕೇಳಿದ' ಎಂದಳು ಆಯಿ. ಅವನು ತನ್ನ ಊರಿಗೆ, ತನ್ನ ದೇವರಿಗೆ ಮರಳಿ ಹೋದ. ಮುಂದಿನ ವರ್ಷ ಅವರ ಊರ ಜಾತ್ರೆಗೆ ಆಯಿಗೆ ಕರೆ ಬಂದಿತು. ಆಕೆ ಹೋಗಿ ಊಟ ಮಾಡಿ ಬಂದಳು.

ಪೇತ್ರನ ಪತ್ರಿಕೆಯಲ್ಲಿ ಒಂದು ಬುದ್ಧಿವಾದವಿದೆ. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ ಹೇಳಿರಿ ಎಂಬುದು ಅದರ ತಾತ್ಪರ್ಯ. ಕೇಳಿದರೆ ಎಂಬ ಮಾತಿನ ತೂಕವನ್ನು ನಾವು ಮರೆತಿರುತ್ತೇವೆ. ಕೇಳುವಂತೆ ಬಾಳುವುದು ಮೊದಲ ಕೆಲಸ. ಕೇಳಿದಾಗ ಮುಚ್ಚಿಡದೆ ಹೇಳುವುದು ಎರಡನೆಯ ಕೆಲಸ. ಹೇಳಿದ ಮೇಲೆ ಕೇಳಿದವನನ್ನು ಅವನ ಪಾಡಿಗೆ ಬಿಡುವುದು ಮೂರನೆಯದು, ಪ್ರಾಯಶಃ ಎಲ್ಲಕ್ಕಿಂತ ಕಷ್ಟವಾದುದು. ಪಾಲು ಕೇಳಿದ ಮಗನನ್ನು ಹೋಗಬಿಟ್ಟ ತಂದೆ ಅದನ್ನೂ ಮಾಡಿದ್ದ. ನನ್ನ ವಿದ್ಯಾರ್ಥಿಗಳ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂದು ನಾನು ಹೇಳಿದ್ದು ಇದರಿಂದಲೇ. ದೇವರ ಪ್ರೀತಿಯೆಂದರೆ ಬೆಲೆ ಕೇಳದೆ ಬಂದದ್ದು. ಹೇಳುವುದು ಏಕೆಂದರೆ, ಬೆಲೆ ಕೇಳದೆ ಕೊಟ್ಟು ನೋಡಿದ ಹೊರತು ಅದು ಹೇಳುವವನಿಗೇ ತಿಳಿಯುವುದಿಲ್ಲ.

ಇನ್ನು ಹಿರಿಯ ಮಗ. ತಮ್ಮನಿಗಾಗಿ ಔತಣ ನಡೆದಿರುವಾಗ ಅವನು ಹೊಲದಿಂದ ಬಂದು ಅಂಗಳದಲ್ಲಿಯೇ ನಿಂತುಬಿಡುತ್ತಾನೆ. ಅವನ ಕೈಯಲ್ಲೊಂದು ಲೆಕ್ಕದ ಪುಸ್ತಕವಿದೆಯೆನ್ನಬೇಕು: ಇಷ್ಟು ವರ್ಷ ದುಡಿದೆ, ಒಂದು ಆಜ್ಞೆಯನ್ನೂ ಮೀರಲಿಲ್ಲ, ನನಗೊಂದು ಮೇಕೆಯ ಮರಿಯನ್ನಾದರೂ ಕೊಟ್ಟೆಯಾ? ಮನೆಬಿಟ್ಟು ಹೋದವನು ಆಳಾಗಲು ಸಿದ್ಧನಾಗಿ ಬಂದ. ಮನೆಯಲ್ಲೇ ಇದ್ದವನು ತನಗೆ ತಿಳಿಯದೆ ಆಳಾಗಿಯೇ ಇದ್ದ. ತಂದೆ ಅವನಿಗಾಗಿಯೂ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ ಇಲ್ಲವೇ ಎಂಬುದನ್ನು ಯೇಸು ಹೇಳದೆ ಕಥೆಯನ್ನು ನಿಲ್ಲಿಸುತ್ತಾನೆ. ದೇವರ ಪ್ರೀತಿಯನ್ನು ಪರರಿಗೆ ತಿಳಿಸಬೇಕೆಂದು ಹೊರಡುವ ನಾವು, ಹುಟ್ಟಿನಿಂದಲೇ ಒಳಗಿದ್ದೇವೆಂದುಕೊಂಡ ನಾವು, ಆ ಅಂಗಳದಲ್ಲಿ ಕೊಂಚ ಹೊತ್ತು ನಿಂತು ಹೋಗುವುದು ಒಳ್ಳೆಯದು. ಕಥೆಯಲ್ಲಿ ಬಿಟ್ಟಿರುವ ಆ ಜಾಗ ನಮಗಾಗಿಯೇ ಇದೆ ಎಂದು ನನಗೆ ತೋರುತ್ತದೆ.